ಒಂಟಿ ಕೈಯ ಮಣೆ

ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದೆ. ಎಡಗಡೆಯ ಹಲ್ಲು ಅಲ್ಲಾಡುತ್ತದೆ, ಹಾಗಾಗಿ ಬಲಗಡೆಯಲ್ಲೇ ಕಚ್ಚಬೇಕು. ಎರಡು ಸಲ ಜಾರಿತು. ಮೂರನೆಯ ಸಲ ಹರಿಯಿತು, ಆದರೆ ಹರಿದದ್ದು ಅಡ್ಡಕ್ಕೆ. ಅರ್ಧ ನೋವಿನ ಜೆಲ್ ನಾಲಿಗೆಯ ಮೇಲೆ, ಉಳಿದದ್ದು ಸೀರೆಯ ಮೇಲೆ. ಮೊಣಕಾಲಿನ ಪಾಲಿಗೆ ಬಂದದ್ದು ಬೆರಳ ತುದಿಯಷ್ಟು. ಕಹಿಯನ್ನು ಬೇಸಿನ್ನಿನಲ್ಲಿ ಉಗಿದು ಬಂದು, ಇದ್ದಷ್ಟನ್ನೇ ಹಚ್ಚಿ ತಿಕ್ಕಿದೆ. ಗಂಟೆ ಇನ್ನೂ ಹತ್ತಾಗಿರಲಿಲ್ಲ. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಬಾಕಿ ಇತ್ತು.

ನನ್ನ ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಇದೆ. ಅದಕ್ಕೂ ಬಲವಿಲ್ಲ, ಕಾಗದ ಹಾರದ ಹಾಗೆ ಒತ್ತಿ ಹಿಡಿಯಬಹುದು, ಅಷ್ಟೆ. ಉಳಿದ ನಾಲ್ಕು ಇಪ್ಪತ್ತೇಳು ವರ್ಷಗಳ ಹಿಂದೆ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಂಪನಿಯಲ್ಲಿ ಹೋದವು. ಅಲ್ಲಿ ನಮ್ಮ ಕೆಲಸ ಇಂಥದೇ ಪ್ಯಾಕೆಟ್ಟುಗಳ ಬಾಯಿ ಮುಚ್ಚುವುದು. ಒಂದೇ ಸಲ ಬಳಸಿ ಬಿಸಾಡುವ ಶಾಂಪೂ, ಮುಲಾಮು, ಜೆಲ್. ಬಾಯಿ ಗಟ್ಟಿ ಕೂತಿದೆಯೇ ಎಂದು ನೋಡಲು ಸೂಪರ್‌ವೈಸರ್ ದಿಲೀಪ ಪ್ಯಾಕೆಟ್ಟನ್ನು ನೆಲದ ಮೇಲಿಟ್ಟು ಬೂಟಿನಲ್ಲಿ ತುಳಿಯುತ್ತಿದ್ದ. ಒಡೆಯದಿದ್ದರೆ ಪಾಸು. ಈಗ ಯಾವಳೋ ಅಷ್ಟೇ ಗಟ್ಟಿಯಾಗಿ ಮುಚ್ಚಿದ್ದನ್ನು ನಾನು ಹಲ್ಲಿನಲ್ಲಿ ಬಿಡಿಸುತ್ತೇನೆ. ಅವಳನ್ನು ಬೈಯಲು ಮನಸ್ಸು ಬರುವುದಿಲ್ಲ.

ದವಾಖಾನೆಯಲ್ಲಿ ಪುಕ್ಕಟೆ ಕೊಡುವುದು ಪ್ಯಾಕೆಟ್ಟೇ. ಮಗ ಶೈಲೇಶನಿಗೆ ಠಾಣೆಯಲ್ಲಿ ಕೆಲಸ, ಸೊಸೆ ಮಾನಸಿಗೆ ವಾಶಿಯಲ್ಲಿ. ಮಾನಸಿ ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲೂ ಒಂದನ್ನು ಕತ್ತರಿಸಿ ಬಟ್ಟಲಿಗೆ ಹಿಂಡಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನದಷ್ಟರಲ್ಲಿ ಅದು ಒಣಗಿ ಬಟ್ಟಲಿಗೆ ಅಂಟಿರುತ್ತಿತ್ತು. ನಾನೇ ಬೇಡ ಎಂದೆ. ಅವಳಿಗೂ ಎಷ್ಟೆಂದು ಕೆಲಸ.

ಔಷಧಿ ಡಬ್ಬಿಯ ತಳದಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಇದೆ. ಪ್ಯಾಕೆಟ್ಟು ತೆಗೆಯುವಾಗಲೆಲ್ಲ ಕೈಗೆ ತಾಗುತ್ತದೆ. ಕಲ್ಯಾಣದಿಂದ ರಮಿತಾ ಬರೆದದ್ದು. ಬಂದು ಮೂರು ವರ್ಷವಾಯಿತು. ಅದರಲ್ಲಿ ಅವಳು ಹೀಗೆ ಬರೆದಿದ್ದಾಳೆ: “ಅಕ್ಕ, ಆ ದಿನ ನನ್ನ ಕಾಲು ಯಾಕೆ ಬೇಗ ಬಿತ್ತು ಎಂದು ಈಗಲೂ ಗೊತ್ತಾಗುವುದಿಲ್ಲ. ಹೊಲಿಗೆ ಮೆಷಿನ್ ತುಳಿಯಲೂ ಹೆದರಿಕೆ, ಕಲಿತ ಹೊಲಿಗೆ ಬಿಟ್ಟುಬಿಟ್ಟೆ. ಕ್ಷಮಿಸಿದ್ದೇನೆ ಅಂತ ಒಂದು ಸಾಲು ಬರೆದರೆ ಸಾಕು.”

ಡೊಂಬಿವಲಿಯಿಂದ ಕಲ್ಯಾಣಕ್ಕೆ ಎರಡು ಸ್ಟೇಷನ್. ಆ ಒಂದು ಸಾಲನ್ನು ಬರೆಯಲು ಕೂತು ಎಷ್ಟು ಕಾಗದ ಹರಿದೆನೋ ಲೆಕ್ಕವಿಲ್ಲ. ಯಾಕೆಂದರೆ ಅವಳ ಕಾಲು ಬೇಗ ಬಿದ್ದಿರಲೇ ಇಲ್ಲ.

ಪ್ಯಾಕೆಟ್ಟಿನ ಬಾಯಿ ಮುಚ್ಚುವ ಆ ಮೆಷಿನ್ನಿನ ಬಿಸಿ ದವಡೆಯ ಮುಂದೆ ಒಂದು ತಂತಿಯ ಜಾಳಿ ಇತ್ತು. ನಾನು ಪ್ಯಾಕೆಟ್ಟನ್ನು ಒಳಗಿಡುವವಳು, ರಮಿತಾ ಆಚೆ ಬದಿಯಲ್ಲಿ ಕೂತು ಪೆಡಲು ತುಳಿಯುವವಳು. ತುಳಿದರೆ ಮೊದಲು ಜಾಳಿ ಇಳಿಯುತ್ತಿತ್ತು, ಆಮೇಲೆ ದವಡೆ. ನಡುವೆ ಕೈ ಇದ್ದರೆ ಜಾಳಿ ಕೈಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು, ದವಡೆ ಬರುತ್ತಿರಲಿಲ್ಲ. ಆದರೆ ಜಾಳಿ ಇಳಿದು ಏರುವಷ್ಟರಲ್ಲಿ ಇನ್ನೊಂದು ಪ್ಯಾಕೆಟ್ಟು ಮುಗಿಸಬಹುದಿತ್ತು. ಪಾಳಿಗೆ ಇಷ್ಟು ಪ್ಯಾಕೆಟ್ಟು ಆಗಲೇಬೇಕು ಎಂದಿತ್ತು. ಹಾಗಾಗಿ ನಾವು ಹಳಬರು ಹಳೇ ಸೀರೆಯ ಅಂಚು ಹರಿದು ಜಾಳಿಯನ್ನು ಮೇಲಕ್ಕೆ ಕಟ್ಟಿಬಿಡುತ್ತಿದ್ದೆವು. ಅದಕ್ಕೊಂದು ಗಂಟು ಇತ್ತು. ಉದ್ದ ಬಾಲ ಬಿಟ್ಟು ಕಟ್ಟುವುದು, ದೊಡ್ಡ ಸಾಹೇಬರು ಬಂದರೆ ಬಾಲ ಹಿಡಿದು ಒಂದೆಳೆತಕ್ಕೆ ಬಿಚ್ಚುವುದು. ದಿಲೀಪನಿಗೆ ಎಲ್ಲ ಗೊತ್ತಿತ್ತು. ರಮಿತಾ ಬೇರೆ ವಿಭಾಗದಿಂದ ಆ ಮೆಷಿನ್ನಿಗೆ ಬಂದು ನಾಲ್ಕು ದಿನ, ಅವಳು ಕೂತಲ್ಲಿಂದ ಜಾಳಿ ಕಾಣುತ್ತಿರಲಿಲ್ಲ. ಅವಳು ಸರಿಯಾದ ಹೊತ್ತಿಗೇ ತುಳಿದಳು. ನನ್ನ ಕೈ ತಡವಾಯಿತು, ತಡೆಯಲು ಜಾಳಿ ಇರಲಿಲ್ಲ.

ಜನ ಸೇರುವ ಮೊದಲೇ ದಿಲೀಪ ಆ ಗಂಟನ್ನು ಎಳೆದು ಅಂಚನ್ನು ಜೇಬಿಗೆ ಹಾಕಿಕೊಂಡ. ಆಸ್ಪತ್ರೆಗೆ ಬಂದು, ಜಾಳಿ ಕಟ್ಟಿತ್ತು ಎಂದರೆ ತಪ್ಪು ನಿನ್ನದೇ ಆಗುತ್ತದೆ, ಕೆಲಸವೂ ಹೋಗುತ್ತದೆ, ಮಗ ಇನ್ನೂ ಐದನೆಯ ಕ್ಲಾಸು ಎಂದ. ಗಂಡ ತೀರಿ ಆಗ ಎರಡು ವರ್ಷ. ವಿಚಾರಣೆಯವರು ಜಾಳಿ ಕಟ್ಟಿತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪೆಡಲು ಬೇಗ ಬಿತ್ತೇ ಎಂದರು. ಗೊತ್ತಿಲ್ಲ ಎಂದೆ. ಆಮೇಲೆ, ಪೆಡಲು ಬೇಗ ಬಿದ್ದದ್ದೇ ಕಾರಣ ಎಂದು ಬರೆದ ಕಾಗದ ಮುಂದಿಟ್ಟರು. ನಾನು ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದೆ. ಅದಕ್ಕೆ ಮೂರು ವರ್ಷ ಮೊದಲು ನನ್ನನ್ನು ಎಳೆದುಕೊಂಡು ಹೋಗಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕೂರಿಸಿದವಳು ರಮಿತಾ. ‘ಅಕ್ಕು’ ಎಂದು ನನ್ನ ಹೆಸರು ಬರೆಯುವಾಗ ಕಕಾರಕ್ಕೆ ಒತ್ತು ಕೊಡಲು ನನಗೆ ಒಂದು ವಾರ ಹಿಡಿದಿತ್ತು. ನನ್ನ ಕೈಯ ಮೇಲೆ ಅವಳ ಕೈ ಇಟ್ಟು ತಿದ್ದಿಸಿದ್ದಳು. ಆ ಸಹಿಯಲ್ಲೇ ಅವಳ ಕೆಲಸ ಹೋಯಿತು. ನನಗೆ ಲೇಬಲ್ ಎಣಿಸುವ ಕೆಲಸ ಕೊಟ್ಟರು, ಹದಿನೈದು ವರ್ಷ ಎಣಿಸಿದೆ.

ಜೆಲ್ ನಾಲಿಗೆಗೆ ಬಿದ್ದ ಆ ದಿನವೇ ಮೇಲಿನ ಮಹಡಿಯ ಅಂಬರೀಶಣ್ಣ ಪೇಪರ್ ಕೊಡಲು ಬಂದರು. ಅವರೂ ಎಂಐಡಿಸಿಯವರೇ, ಬೇರೆ ಕಂಪನಿಯ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕೈ ಸುಮ್ಮನಿರುವುದಿಲ್ಲ.

“ಎಂತ ಅಕ್ಕ, ಜೆಲ್ ಕಾಲಿಗೆ ಹಚ್ಚುವುದಾ, ಸೀರೆಗೆ ಹಚ್ಚುವುದಾ?” ಎಂದರು.

“ಸೀರೆಗೂ ವಯಸ್ಸಾಯ್ತಲ್ಲ ಅಂಬರೀಶಣ್ಣ.”

ಅವರು ಖಾಲಿ ಪ್ಯಾಕೆಟ್ಟನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡು ಹೋದರು. ನಾಲ್ಕನೆಯ ದಿನ ಲಿಂಬೆಹಣ್ಣು ಹಿಂಡುವಂಥ ಒಂದು ಉಪಕರಣ ತಂದರು. ತಳದಲ್ಲಿ ರಬ್ಬರಿನ ಬಟ್ಟಲು, ಮೇಜಿಗೆ ಕಚ್ಚಿಕೊಳ್ಳುತ್ತದೆ ಎಂದರು. ಹಿಡಿಕೆ ಒತ್ತಿದ ಕೂಡಲೇ ಅದು ಮೇಜು ಬಿಟ್ಟು ಹಾರಿ ಸಾರಿನ ಪಾತ್ರೆಗೆ ಬಿತ್ತು. ಎರಡನೆಯದನ್ನು ಮೇಜಿಗೆ ತಿರುಪು ಹಾಕಿ ಬಿಗಿಯಬೇಕಿತ್ತು, ತಿರುಪು ಬಿಗಿಯಲು ಎರಡು ಕೈ ಬೇಕಿತ್ತು. ಅವರ ಮುಖ ನೋಡಿ ನನಗೇ ಬೇಸರವಾಯಿತು.

“ತೆಂಗಿನಕಾಯಿ ಹೆರೆಯುವಾಗ ಹೆರೆಮಣೆಯನ್ನು ಯಾರು ಹಿಡ್ಕೊಳ್ತಾರೆ ಅಂಬರೀಶಣ್ಣ?” ಎಂದು ಕೇಳಿದೆ. “ನಾವೇ ಅದರ ಮೇಲೆ ಕೂತಿರ್ತೇವಲ್ಲ.”

ಅವರು ಹಣೆ ತಟ್ಟಿಕೊಂಡರು. ಮೂವತ್ತೆಂಟು ವರ್ಷ ಟೂಲ್‌ರೂಮಿನಲ್ಲಿ ಕೂತರೂ ಇದು ತಲೆಗೆ ಹೋಗಲಿಲ್ಲ ನೋಡಿ ಎಂದು ನಕ್ಕು, ಅಟ್ಟದಲ್ಲಿದ್ದ ನನ್ನ ಹಳೇ ಹೆರೆಮಣೆಯನ್ನೇ ಒಯ್ದರು.

ಒಂದು ವಾರದಲ್ಲಿ ಅದು ಬೇರೆಯೇ ಆಗಿ ಬಂತು. ಮಂಚದ ಅಂಚಿನಲ್ಲಿಟ್ಟು ಮೇಲೆ ಕೂತರೆ ಮಣೆ ಅಲ್ಲಾಡುವುದಿಲ್ಲ, ಮುಂಭಾಗ ಮೊಣಕಾಲುಗಳ ನಡುವೆ ಚಾಚಿಕೊಂಡಿರುತ್ತದೆ. ಕಾಯಿ ಹೆರೆಯುವ ಹಲ್ಲಿದ್ದಲ್ಲಿ ಒಂದು ಸೀಳು. ಪ್ಯಾಕೆಟ್ಟನ್ನು ಸೀಳಿಗೆ ತೂರಿಸಿ ಹಿಡಿಕೆ ಒತ್ತಿದರೆ ಬ್ಲೇಡು ಮೂಲೆ ಕತ್ತರಿಸುತ್ತದೆ, ಇನ್ನೂ ಒತ್ತಿದರೆ ಎರಡು ತಗಡು ಸೇರಿಕೊಂಡು ಜೆಲ್ಲನ್ನೆಲ್ಲ ಕೆಳಗಿನ ಬಟ್ಟಲಿಗೆ ಹಿಂಡುತ್ತವೆ. ಬ್ಲೇಡಿಗೆ ಬೆರಳು ಹೋಗದ ಹಾಗೆ ಮುಂದೆ ಒಂದು ಸಣ್ಣ ಕದ, ಅದನ್ನು ಎತ್ತಿ ನಿಲ್ಲಿಸಲು ಒಂದು ಕೊಕ್ಕೆ ಇಟ್ಟಿದ್ದರು. ಮೊದಲ ದಿನ ಎರಡೂ ಮೊಣಕಾಲಿಗೆ, ಭುಜಕ್ಕೆ ಸಾಕಷ್ಟು ಹಚ್ಚಿ ಕಣ್ಣು ಮುಚ್ಚಿ ಕೂತೆ. ಹದಿನೈದು ದಿನ ಬಳಸಿ ನೋಡಿ, ಏನು ಕೊರತೆ ಅಂತ ಹೇಳಿ ಎಂದರು. ಸರಿಯಾದರೆ ಲಕ್ವ ಹೊಡೆದವರಿಗೆ ಇನ್ನೂ ಹತ್ತು ಮಾಡಿ ದವಾಖಾನೆಗೆ ಕೊಡುತ್ತಾರಂತೆ.

ಹತ್ತು ದಿನ ಬಿಟ್ಟು ಅವರು ಬಂದಾಗ ನಾನು ಅಕ್ಕಿ ಆರಿಸುತ್ತಿದ್ದೆ. ಮಣೆಯ ಹತ್ತಿರ ಬಗ್ಗಿದವರು ಹಾಗೇ ನಿಂತರು.

ಕದವನ್ನು ಮೇಲಕ್ಕೆತ್ತಿ, ಕೆಂಪು ಸೀರೆಯಂಚಿನ ತುಂಡಿನಿಂದ ಕಟ್ಟಲಾಗಿತ್ತು. ಉದ್ದ ಬಾಲ ಬಿಟ್ಟ ಗಂಟು.

“ಈ ಗಂಟು ಖಾತೆಯದ್ದು,” ಎಂದರು ಅಂಬರೀಶಣ್ಣ. ಕಂಪನಿಯ ಜನ ವಿಭಾಗಕ್ಕೆ ಖಾತೆ ಎನ್ನುವುದು. “ಸಾಹೇಬ ಬಂದರೆ ಎಳೆಯುವ ಗಂಟು. ಇದನ್ನು ಕಟ್ಟಿದವರ ಕೈ ಎಷ್ಟು ಹೋಗಿದ್ದು ನೋಡಿದ್ದೇನೆ ನಾನು. ಯಾರು ಕಟ್ಟಿದ್ದು ಅಕ್ಕ?”

ಕಟ್ಟಿದ್ದು ನಾನೇ, ಹಲ್ಲಿನಲ್ಲಿ ಒಂದು ತುದಿ ಹಿಡಿದು. ಕದ ಎತ್ತಬೇಕು, ಕೊಕ್ಕೆಗೆ ಸಿಗಿಸಬೇಕು, ಪ್ಯಾಕೆಟ್ಟು ತೂರಿಸಬೇಕು, ಕೊಕ್ಕೆ ಬಿಡಿಸಬೇಕು, ಆಮೇಲೆ ಒತ್ತಬೇಕು. ಒಂದೇ ಕೈಗೆ ಐದು ಕೆಲಸ. ಎರಡನೆಯ ದಿನವೇ ಕಟ್ಟಿದ್ದೆ. ಕಟ್ಟುವಾಗ ಏನೂ ನೆನಪಾಗಲಿಲ್ಲ, ಅದೇ ಈಗ ಹೆದರಿಕೆ. ಕಡೆಗೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

“ಗೊತ್ತಿಲ್ಲ.”

ಹಾಗಾದರೆ ಮಾನಸಿಯೇ ಇರಬೇಕು, ಈಗಿನವರಿಗೆ ಎಲ್ಲದಕ್ಕೂ ಅವಸರ ಎಂದು ಅವರೇ ತೀರ್ಮಾನ ಮಾಡಿದರು. ಉಳಿದಿರುವುದು ಒಂದೇ ಕೈ, ಅದೂ ಹೋದರೆ ಏನು ಗತಿ, ಸಂಜೆ ನಾನೇ ಅವಳಿಗೆ ಹೇಳುತ್ತೇನೆ ಎಂದು ಗಂಟು ಬಿಚ್ಚಿ ಹೋದರು. ನಾನು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ.

ಮಾನಸಿ ಏಳೂವರೆಗೆ ಬಂದಳು. ಲೋಕಲ್‌ನಲ್ಲಿ ಠಾಣೆಯ ತನಕ ನಿಂತು, ಅಲ್ಲಿ ಗಾಡಿ ಬದಲಿಸಿ ಮತ್ತೆ ನಿಂತೇ ಬಂದ ಮುಖ. ಚಪ್ಪಲಿ ಬಿಡುತ್ತಾ, ಅಂಬರೀಶ್ ಅಂಕಲ್ ಮೆಟ್ಟಿಲ ಮೇಲೆ ಹಿಡಿದು ಬೈದರು ಎಂದಳು. ಸಿಟ್ಟಿರಲಿಲ್ಲ. ಮಂಚದ ತುದಿಯಲ್ಲಿ ಕೂತು ಮಣೆಯನ್ನೇ ನೋಡಿದಳು.

“ಮಾಮಿ, ನಾನು ಅದನ್ನು ಮುಟ್ಟಿದ್ದೇ ನೆನಪಿಲ್ಲ. ಬೆಳಿಗ್ಗೆ ಘಾಯಿ ಗಡಿಬಿಡಿಯಲ್ಲಿ ನಾನೇ ಕಟ್ಟಿದೆನೋ ಏನೋ. ನಿಮ್ಮ ಬೆರಳಿಗೆ ಏನಾದರೂ ಆಗಿದ್ದರೆ?”

ಅವಳು ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದಳು. ಮಾಡದೇ ಇದ್ದದ್ದನ್ನು, ಮಾಡಿರಬಹುದು ಎಂದು ಹುಡುಕುತ್ತಿದ್ದಳು. ಒಂದೇ ಹಗಲಿನಲ್ಲಿ ಇಷ್ಟಾಗಿತ್ತು. ಅಲ್ಲಿ ಕಲ್ಯಾಣದಲ್ಲಿ ಒಬ್ಬಳು ಇಪ್ಪತ್ತೇಳು ವರ್ಷದಿಂದ ಹೀಗೇ ಹುಡುಕುತ್ತಿದ್ದಾಳೆ.

“ನೀನಲ್ಲ ಮಗಾ. ನಾನೇ ಕಟ್ಟಿದ್ದು,” ಎಂದೆ. “ಅವರು ಕೇಳಿದಾಗ ಗೊತ್ತಿಲ್ಲ ಅಂದೆ. ಹಿಂದೆಯೂ ಒಂದು ಸಲ ಹೀಗೇ ಅಂದಿದ್ದೆ.”

ಆಮೇಲೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದಳು. ಶೈಲೇಶನಿಗೆ ಗೊತ್ತೇ ಎಂದಳು, ಇಲ್ಲ ಎಂದೆ. ಎದ್ದು ಚಹಾ ಇಟ್ಟಳು, ನನ್ನ ಮುಂದೆ ಲೋಟ ಇಡುವಾಗ ಮುಖ ನೋಡಲಿಲ್ಲ. ಅದನ್ನೂ ತಪ್ಪೆನ್ನಲಾರೆ. ಸ್ವಲ್ಪ ಹೊತ್ತಾದ ಮೇಲೆ ತನ್ನ ಬ್ಯಾಗಿನಿಂದ ಗೆರೆಯಿರುವ ನಾಲ್ಕು ಹಾಳೆ ತೆಗೆದು ಔಷಧಿ ಡಬ್ಬಿಯ ಮೇಲಿಟ್ಟಳು.

ಮರುದಿನ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಬರೆಯಲು ಕೂತೆ. ಹೆಬ್ಬೆರಳಿನಲ್ಲಿ ಹಾಳೆ ಒತ್ತಿ ಹಿಡಿದು, ಒಂದೊಂದೇ ಅಕ್ಷರ. ಇಷ್ಟು ದಿನ ಕುಶಲ ಕೇಳಿ, ಮಳೆಯ ಸುದ್ದಿ ಬರೆದು, ಸುತ್ತು ಹಾಕಿ ಅಲ್ಲೇ ನಿಲ್ಲುತ್ತಿದ್ದೆ. ಈ ಸಲ ಮೊದಲ ಸಾಲೇ, ನಿನ್ನ ಕಾಲು ಬೇಗ ಬೀಳಲಿಲ್ಲ ರಮಿತಾ, ಜಾಳಿ ಕಟ್ಟಿದ್ದವಳು ನಾನು ಎಂದು ಬರೆದೆ. ಸಹಿ ಮಾಡುವಾಗ ತಪ್ಪು ಯಾರದು ಎಂದು ನನಗೆ ಗೊತ್ತಿತ್ತು, ಆದರೂ ಮಾಡಿದೆ ಎಂದು ಬರೆದೆ. ಕ್ಷಮಿಸು ಎಂದು ಬರೆಯಲಿಲ್ಲ. ಮೂರು ವರ್ಷ ಉತ್ತರ ಕಾದವಳ ತಲೆಯ ಮೇಲೆ ಅದನ್ನೂ ಹೊರಿಸಬೇಕೆ? ಯಾರಿಗೆ ಬೇಕಾದರೂ ಈ ಕಾಗದ ತೋರಿಸು, ದಿಲೀಪ ಈಗ ಎಲ್ಲಿದ್ದಾನೋ ಗೊತ್ತಿಲ್ಲ, ನಾನು ಇಲ್ಲೇ ಇದ್ದೇನೆ ಎಂದು ಬರೆದು ಕೆಳಗೆ ಹೆಸರು ಹಾಕಿದೆ. ಕಕಾರದ ಒತ್ತು ಸ್ವಲ್ಪ ಸೊಟ್ಟಗಾಯಿತು.

ಅದನ್ನು ಅಂಚೆಗೆ ಹಾಕಲು ಇಳಿಯುವಾಗ ಅಂಬರೀಶಣ್ಣ ಮೆಟ್ಟಿಲಲ್ಲಿ ಸಿಕ್ಕಿದರು. ಆ ಗಂಟು ನನ್ನದು, ಮಾನಸಿಯದಲ್ಲ ಎಂದೆ. ಅವರು ನನ್ನ ಎಡಗೈ ನೋಡಿದರು, ಆಮೇಲೆ ಮುಖ ನೋಡಿದರು.

“ಕದ ಎತ್ತಿದರೆ ತಾನಾಗಿ ಬೀಳುವ ಹಾಗೆ ಮಾಡಬೇಕಿತ್ತು ನಾನು,” ಎಂದರು. “ಐದು ಕೆಲಸ ಜಾಸ್ತಿಯಾಯ್ತು. ಸಂಜೆ ಮಣೆ ಕೊಡಿ ಅಕ್ಕ.”

ಪೋಸ್ಟ್ ಆಫೀಸು ನಡೆದರೆ ಹತ್ತು ನಿಮಿಷ, ನನಗೆ ಇಪ್ಪತ್ತೈದು. ಕಿಟಕಿಯಲ್ಲಿದ್ದ ಹುಡುಗಿ ವಿಳಾಸ ನೋಡಿ ಮರಾಠಿಯಲ್ಲಿ, ಆಜಿ, ಕಲ್ಯಾಣ ಅಂದರೆ ಇಲ್ಲೇ, ಫೋನು ಮಾಡಬಾರದಾ ಎಂದಳು. ನಂಬರ್ ಇಲ್ಲ ಎಂದೆ. ಅದೊಂದು ನಿಜ. ಅವಳು ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ನನ್ನ ಹೆಸರು ಕೇಳಿದಳು. ಹೇಳಿದೆ. ನಿಮ್ಮದೇ ಕಾಗದವಾ ಎಂದಳು. ನನ್ನದೇ ಎಂದೆ.

ಸಿಕ್ಕಾ ಹೊಡೆದು ಅವಳು ಅದನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು.