ತಿಥಿಯ ಸೌದೆ

ಹನುಮಂತರಾಜು ಕೆಟ್ಟ ಮನುಷ್ಯನೇನಲ್ಲ. ಅರಳಗುಪ್ಪೆ ಕಡೆ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ತೋಟ ಅಚ್ಚುಕಟ್ಟಾಗಿ ಇಟ್ಟಿದ್ದಾನೆ, ಅಟ್ಟದ ತುಂಬ ಕೊಬ್ಬರಿ ಇದೆ, ಹೆಂಡತಿ ವನಿತಾಳ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಸಿಟ್ಟು ಬಂದರೆ ಅವನ ನಾಲಿಗೆಗೆ ಲಗಾಮು ಇರುವುದಿಲ್ಲ. ಆಮೇಲೆ ಪೇಚಾಡುತ್ತಾನೆ, ಅದು ಬೇರೆ ಮಾತು.

ಈ ಸಲದ ಸಿಟ್ಟಿಗೆ ಕಾರಣ ಒಂದು ಹುಣಸೆ ಮರ. ತೋಟದ ಮೂಡಲ ಬದುವಿನ ಮೇಲೆ ಕೊಡೆ ಬಿಚ್ಚಿದ ಹಾಗೆ ನಿಂತಿತ್ತು. ಅದರ ನೆರಳಿಗೆ ಸಿಕ್ಕಿದ ತೆಂಗಿನ ಸಸಿಗಳು ಎಷ್ಟು ಗೊಬ್ಬರ ಹಾಕಿದರೂ ಏಳುತ್ತಿರಲಿಲ್ಲ. ಕಡಿಯೋಣವೆಂದರೆ ಸರ್ಕಾರದ ಅನುಮತಿ ಬೇಕು. ಅರ್ಜಿ ಕೊಟ್ಟ, ಪಹಣಿ ಕೊಟ್ಟ, ಮರದ ಫೋಟೋ ಕೊಟ್ಟ. ಇನ್ನು ಫಾರೆಸ್ಟಿನವರು ಬಂದು ಮರ ನೋಡಿಕೊಂಡು ಹೋಗಬೇಕು, ಅಷ್ಟೇ. ಆ ‘ಅಷ್ಟೇ’ ಎನ್ನುವುದು ದೀಪಾವಳಿಯಿಂದ ಶಿವರಾತ್ರಿಯವರೆಗೂ ಎಳೆಯಿತು.

ನೋಡಬೇಕಾದವಳು ಫಾರೆಸ್ಟರ್ ಭಾನುಪ್ರಿಯಾ. ಅವಳೇನು ಕೈಕಟ್ಟಿ ಕುಳಿತಿರಲಿಲ್ಲ. ತೋಟಗಳಿಗೆ ಚಿರತೆ ನುಗ್ಗಿ ನಾಯಿಗಳನ್ನು ಹೊತ್ತೊಯ್ಯುತ್ತಿತ್ತು. ಬೋನು ಇಡಿಸಿಕೊಂಡು ಊರೂರು ಅಲೆಯುತ್ತಿದ್ದಳು. ಇದೆಲ್ಲ ಹನುಮಂತರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬಂತು.

“ಮುಂದಿನ ವಾರ ಬರ್ತೀನಿ ಇವ್ರೇ,” ಎಂದಳು ಅವಳು ಫೋನಿನಲ್ಲಿ.

“ಮುಂದಿನ ವಾರ ಬಂದು ಏನ್ಮಾಡ್ತೀರಾ ಮೇಡಂ? ನಮ್ಮವ್ವ ಹೋಗ್ಬುಟ್ರು. ತಿಥಿ ಅಡುಗೆಗೆ ಸೌದೆ ಇಲ್ಲ. ಊರಿಗೆಲ್ಲ ಊಟಕ್ಕೆ ಹಾಕ್ಬೇಕು, ಹಸೀ ಅಕ್ಕಿ ಬಡಿಸ್ಲಾ?”

“ಅಯ್ಯೋ, ಯಾವಾಗ?” ಎಂದಳು. “ಮೊನ್ನೆ,” ಎಂದು ಫೋನ್ ಇಟ್ಟ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಈಗಲಾದರೂ ಅಲುಗಾಡುತ್ತಾರೆ ಅಂದುಕೊಂಡ. ಕಚೇರಿಯಲ್ಲೇ ಕೂತು ಬರೆದು ಕಳಿಸುತ್ತಾಳೆ, ಅವಳು ಊರಿಗೆ ಬರುವುದುಂಟೇ ಎಂಬ ಧೈರ್ಯ.

ಅವಳು ಮಾರನೆಯ ದಿನ ಬೆಳಿಗ್ಗೆಯೇ ಬಂದಳು.

ಅವನು ತೋಟದಿಂದ ಓಡಿಬರುವಷ್ಟರಲ್ಲಿ ಜೀಪು ಬಾಗಿಲಲ್ಲಿ ನಿಂತಿತ್ತು. ಜಗಲಿಯ ಮೇಲೆ ಅವನ ತಾಯಿ ಹೊಂಬಾಳಮ್ಮ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿದ್ದಳು. ಭಾನುಪ್ರಿಯಾ ಬೂಟು ಬಿಚ್ಚಿ, ಬಾಳೆಹಣ್ಣಿನ ಚಿಪ್ಪು ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು.

“ಹನುಮಂತರಾಜು ಅವರ ಮನೆ ಇದೇ ಅಲ್ವಾ ಅಜ್ಜಿ? ಅವರ ತಾಯಿ ತೀರಿಕೊಂಡ್ರಂತೆ.”

ಹೊಂಬಾಳಮ್ಮನ ಕೈಯಲ್ಲಿದ್ದ ಕೊಡತಿ ನಿಂತಿತು. ಬೇಲಿ ದಾಟಿ ಒಳಗೆ ಬರುತ್ತಿದ್ದ ಮಗನನ್ನು ನೋಡಿದಳು. ಅವನ ಮುಖ ನೋಡಿದ ಮೇಲೆ ಇನ್ನೇನು ಕೇಳುವುದಿತ್ತು? ಹೆತ್ತವಳು, ಎಲ್ಲ ಗೊತ್ತಾಯಿತು.

“ಹೂ ಕಣವ್ವ,” ಎಂದಳು. “ನಾನು ಅವ್ಳ ತಂಗಿ. ಕೂತ್ಕಳವ್ವ, ಬಿಸ್ಲಲ್ಲಿ ಬಂದಿದ್ದೀಯ.”

ಹನುಮಂತರಾಜುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎರಡೂ ಕೈ ಕಟ್ಟಿಕೊಂಡು ಸಾವಿನ ಮನೆಯವನ ಹಾಗೇ ನಿಂತ.

ಹೊಂಬಾಳಮ್ಮ ಒಳಗಿಂದ ಮಜ್ಜಿಗೆ ತಂದಳು. ಭಾನುಪ್ರಿಯಾ ಕುಡಿಯುತ್ತ ಮೆಲ್ಲಗೆ ಕೇಳಿದಳು, “ಏನಾಗಿತ್ತು ಅಜ್ಜಿ ಅವರಿಗೆ?”

“ಏನೂ ಆಗಿರ್ಲಿಲ್ಲ. ರಾತ್ರಿ ಮುದ್ದೆ ಉಂಡು ಮಲ್ಗಿದ್ಲು, ಬೆಳಿಗ್ಗೆ ಏಳ್ಲಿಲ್ಲ. ಯಾರ ಕೈಲೂ ಮಾಡಿಸ್ಕಳ್ಲಿಲ್ಲ. ಅಂಥ ಸಾವು ಎಲ್ಲರಿಗೂ ಬರಲ್ಲ ಕಣವ್ವ.”

“ಮಗ ಚೆನ್ನಾಗಿ ನೋಡ್ಕೊಂಡ್ರಾ?”

“ನೋಡ್ಕಂಡ. ಸಿಟ್ಟು ಜಾಸ್ತಿ, ಆದ್ರೆ ಮನ್ಸು ಒಳ್ಳೇದು. ಅವ್ಳು ಯಾವಾಗ್ಲೂ ಹಂಗೇ ಅನ್ನೋಳು.”

ಬಾಗಿಲ ಮರೆಯಲ್ಲಿ ನಿಂತಿದ್ದ ವನಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಭಾನುಪ್ರಿಯಾ ಅವನ ಕಡೆ ತಿರುಗಿ, “ತಲೆಕೂದ್ಲು ತೆಗೆಸಿಲ್ವಾ ಇನ್ನೂ?” ಎಂದಳು. ಅದಕ್ಕೂ ಹೊಂಬಾಳಮ್ಮನೇ ಉತ್ತರ ಕೊಟ್ಟಳು. “ನಮ್ಮಲ್ಲಿ ತಿಥಿ ದಿವ್ಸಾನೇ ತೆಗ್ಸೋದು ಕಣವ್ವ. ಬರೋ ಸೋಮವಾರ.”

ಮರ ನೋಡಿದ್ದಾಯಿತು, ಸುತ್ತಳತೆ ತೆಗೆದದ್ದಾಯಿತು. ಜೀಪು ಹತ್ತುವಾಗ ಭಾನುಪ್ರಿಯಾ ಹೇಳಿದಳು: “ನಮ್ಮಮ್ಮ ಹೋದಾಗ ನಾನು ಡ್ಯೂಟೀಲಿದ್ದೆ. ಮುಖ ನೋಡೋಕೂ ಆಗ್ಲಿಲ್ಲ. ಅದಕ್ಕೇ ನಿಮ್ಮ ಫೋನ್ ಬಂದ್ಮೇಲೆ ನಿದ್ದೆ ಬರ್ಲಿಲ್ಲ. ಸಾಹೇಬ್ರ ಹತ್ರ ಆರ್ಡರ್ ಬೇಗ ಮಾಡಿಸ್ತೀನಿ.”

ಹನುಮಂತರಾಜು ಕೈ ಮುಗಿದ.

ಜೀಪು ಹೋದ ಮೇಲೆ ಜಗಲಿಯ ಹತ್ತಿರ ಬಂದು ನಿಂತ. ತಾಯಿ ಬೈಯಲಿ, ಕೊಡತಿ ಎಸೆಯಲಿ ಎಂದು ಕಾದ. ಅವಳು ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದ್ದಳು.

“ಅವ್ವಾ...”

“ಚಿಕ್ಕವ್ವ ಅನ್ನಪ್ಪ,” ಎಂದಳು ತಲೆ ಎತ್ತದೆ. “ಸೋಮವಾರ ಕಳೆಯೋವರ್ಗೂ ಹಂಗೇ ರೂಢಿ ಮಾಡ್ಕೊ. ಆ ಹುಡುಗಿ ಮತ್ತೆ ಬಂದಾಗ ಅವ್ವ ಅಂತ ಬಾಯಿಗೆ ಬಂದ್ರೆ ನಿನ್ನ ಮಾನ ಹೋಗ್ತದೆ.”

ಚುಚ್ಚುವುದಕ್ಕೆ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಅವನ ಮಾನದ ಚಿಂತೆ ಅವಳಿಗೆ. ಅವಳು ಬೈದಿದ್ದರೆ ಅವನು ಎದುರು ಮಾತಾಡಿ, ಜಗಳ ಮಾಡಿ, ರಾತ್ರಿ ಊಟದ ಹೊತ್ತಿಗೆ ಸರಿಹೋಗುತ್ತಿದ್ದ. ಈ ಮಾತಿಗೆ ಎದುರಾಡುವುದು ಹೇಗೆ? ಹಿತ್ತಿಲಿಗೆ ಹೋಗಿ ಮುಖ ತೊಳೆದ. ಎಷ್ಟು ನೀರು ಹಾಕಿದರೂ ಕಣ್ಣು ಉರಿಯುವುದು ನಿಲ್ಲಲಿಲ್ಲ. ಸಿಟ್ಟು ಬಂದಾಗಲೆಲ್ಲ ಊರಿನವರನ್ನು ನಾಚಿಕೆಗೇಡಿಗಳೆಂದು ಬೈದವನಿಗೆ ನಾಚಿಕೆಯ ರುಚಿ ಈಗ ಗೊತ್ತಾಯಿತು.

ಮಧ್ಯಾಹ್ನ ಉಣ್ಣದೆ ಬೈಕು ಹತ್ತಿದ. ಫಾರೆಸ್ಟ್ ಆಫೀಸಿನ ಅಂಗಳದಲ್ಲಿ ಭಾನುಪ್ರಿಯಾ ಚಿರತೆಯ ಬೋನನ್ನು ಟೆಂಪೋಗೆ ಹತ್ತಿಸುತ್ತಿದ್ದಳು. ಗಾರ್ಡುಗಳು, ಡ್ರೈವರು, ಯಾವುದೋ ಕೆಲಸಕ್ಕೆ ಬಂದ ನಾಲ್ಕು ಜನ ರೈತರು, ಎಲ್ಲರೂ ಅಲ್ಲೇ ಇದ್ದರು. ಪಕ್ಕಕ್ಕೆ ಕರೆಯೋಣ ಎಂದುಕೊಂಡ. ಕರೆದರೆ ಮತ್ತೆ ಬೇರೆ ಸುಳ್ಳು ಹೊರಡುತ್ತದೆಂದು ಅವನಿಗೇ ಭಯವಾಯಿತು.

“ಮೇಡಂ, ಆರ್ಡರ್ ಮಾಡಿಸ್ಬೇಡಿ,” ಎಂದ ಎಲ್ಲರ ಎದುರಿಗೇ. “ನಮ್ಮವ್ವ ಸತ್ತಿಲ್ಲ. ಸಿಟ್ಟಿಗೆ ಸುಳ್ಳು ಹೇಳ್ದೆ. ಬೆಳಿಗ್ಗೆ ನಿಮಗೆ ಮಜ್ಜಿಗೆ ಕೊಟ್ರಲ್ಲ, ಅವ್ರೇ ನಮ್ಮವ್ವ.”

ಗಾರ್ಡೊಬ್ಬ, “ಥೂ, ಏನ್ ಮನ್ಷ ಕಣಯ್ಯ ನೀನು!” ಎಂದ. ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದಕ್ಕೆಲ್ಲ ಅವನು ಸಿದ್ಧನಾಗಿಯೇ ಬಂದಿದ್ದ. ಕೇಸು ಹಾಕಲಿ, ಅರ್ಜಿ ಹರಿದು ಹಾಕಲಿ, ಕೆನ್ನೆಗೆ ಬಾರಿಸಲಿ.

ಭಾನುಪ್ರಿಯಾ ಬೋನಿನ ಸರಳು ಬಿಟ್ಟು ಅವನನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

“ಬದುಕಿದ್ದಾರಾ?” ಎಂದಳು. “ಅಯ್ಯೋ, ಸದ್ಯ! ಆ ಅಜ್ಜೀನೇನಾ? ಎಷ್ಟು ಗಟ್ಟಿಯಾಗಿದ್ದಾರೆ ಕಣ್ರೀ!” ಕಣ್ಣು ಒರೆಸಿಕೊಂಡು ನಕ್ಕೇ ಬಿಟ್ಟಳು.

ಹನುಮಂತರಾಜು ತಲೆ ತಗ್ಗಿಸಿ ನಿಂತ. ತನ್ನ ತಾಯಿ ಬದುಕಿದ್ದಾಳೆಂದು ಭಾನುಪ್ರಿಯಾಳಿಗೆ ಆದಷ್ಟು ಸಂತೋಷ ಅವನಿಗೆ ಯಾವತ್ತೂ ಆಗಿರಲಿಲ್ಲ.