ಎಡಗಡೆಯ ಬ್ರೇಕು

ನಾನು ಒಂದು ಬ್ರೇಕ್ ಪೆಡಲ್. ಕಾರಿನ ಜೊತೆ ಹುಟ್ಟಿದ್ದಲ್ಲ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ ನನ್ನನ್ನು ಮಾಡಿದರು. ಆಮೇಲೆ ಗದುಗಿನ ಒಂದು ಡ್ರೈವಿಂಗ್ ಸ್ಕೂಲಿನ ಹಳೆಯ ಬಿಳಿ ಕಾರಿನ ಎಡಗಡೆ ಕೂಡಿಸಿದರು. ಕಲಿಯುವವರು ತಪ್ಪಿದರೆ ಪಕ್ಕದಲ್ಲಿ ಕೂತು ಕಲಿಸುವವರು ನನ್ನನ್ನು ತುಳಿಯಬೇಕು, ಕಾರು ನಿಲ್ಲಬೇಕು. ನನ್ನ ಕೆಲಸ ಇಷ್ಟೇ.

ಮನುಷ್ಯರ ಮುಖಕ್ಕಿಂತ ಕಾಲು ನನಗೆ ಚೆನ್ನಾಗಿ ಗೊತ್ತು. ಕಲಿಸುವ ಹನಮಗೌಡ ಮಾಸ್ತರನ ಬಲಗಾಲಿನ ಹಿಮ್ಮಡಿ ಒಡೆದಿತ್ತು. ಸಿಟ್ಟು ಬಂದಾಗ ಅದು ನನ್ನ ಮೇಲೆ ಬೀಳುತ್ತಿತ್ತು, ಅವನ ಕೈಯ ಸ್ಟೀಲ್ ಪಟ್ಟಿ ಕಲಿಯುವವರ ಮೊಣಕಾಲ ಮೇಲೆ ಬೀಳುತ್ತಿತ್ತು.

ಪುಂಡಲೀಕ ಹದಿನಾರಕ್ಕೇ ಗೇರಿಲ್ಲದ ಗಾಡಿಯ ಲೈಸೆನ್ಸ್ ಮಾಡಿಸಿದ್ದವನು. ಹದಿನೆಂಟು ತುಂಬಿದ್ದೇ ತಡ, ಕಾರು ಕಲಿಯಲು ಬೇಕಾದ ಎಲ್‌ಎಲ್‌ಆರ್ ತೆಗೆಸಿಕೊಂಡು ನಮ್ಮ ಸ್ಕೂಲಿಗೆ ಬಂದ. ಪಕ್ಕಾ ಲೈಸೆನ್ಸ್ ಸಿಕ್ಕರೆ ಸೋದರಮಾವನ ಗೂಡ್ಸ್ ಗಾಡಿ ಅವನ ಕೈಗೆ. ಸಿಗದಿದ್ದರೆ ಅಪ್ಪನ ಜೊತೆ ಕಲ್ಲು ಕ್ವಾರಿಗೆ.

"ಸ್ಟೇರಿಂಗ್ ನಿಂದು, ಬ್ರೇಕ್ ನಂದು," ಎಂದ ಮಾಸ್ತರ ಮೊದಲ ದಿನವೇ. ಹೊಸಬರು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನ ಗಾಡಿ ಬಂದು ಗುದ್ದುತ್ತದೆ ಎಂಬುದು ಅವನ ಲೆಕ್ಕ. ಹುಡುಗನ ಕಾಲು ಬ್ರೇಕಿನ ಕಡೆ ಸರಿದರೆ ಸಾಕು, ಪಟ್ಟಿಯ ಏಟು. "ಕಾಲ್ ತಗೀಲೇ ಮಂಗ್ಯಾ! ನಿಲ್ಸಾಕ ನಾ ಅದೀನಿ."

"ಟೆಸ್ಟಿನ್ಯಾಗ ಯಾರ್ ನಿಲ್ಸತಾರ್ರಿ ಸರ?"

"ಟೆಸ್ಟಿನ ಹಿಂದಿನ ದಿನ ಹೇಳಿಕೊಡ್ತೀನಿ. ಈಗ ಬಾಯಿ ಮುಚ್ಚು." ಇನ್ನೊಂದು ಏಟು. ಹುಡುಗನ ಮೊಣಕಾಲ ಚಿಪ್ಪು ಬಾತುಕೊಂಡಿತ್ತು.

ಕೆಲವು ವಾರಗಳಾದ ಮೇಲೆ ಮಾರ್ಕೆಟ್ ರಸ್ತೆಯಲ್ಲಿ ಒಂದು ಟಂಟಂ ಆಟೋ ನಮ್ಮ ಪಕ್ಕದ ಕನ್ನಡಿ ಕಿತ್ತುಕೊಂಡು ಹೋಗಿ ಮುಂದೆ ನಿಂತಿತು. ಮಾಸ್ತರ ನನ್ನನ್ನು ತುಳಿದು ಕಾರು ನಿಲ್ಲಿಸಿ ಇಳಿದ. ಟಂಟಂನವನ ಕಾಲರ್ ಹಿಡಿದು ಹೊರಗೆಳೆದು ಕಪಾಳಕ್ಕೆ ಬಿಟ್ಟ. ಅವನು ಜಾಕಿನ ಸಲಾಕೆ ತೆಗೆದು ಮಾಸ್ತರನ ಬಾಯಿಗೆ ಬಾರಿಸಿದ. ರಕ್ತ ಅಂಗಿಯ ಮೇಲೆ ಇಳಿಯಿತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಏ ಪುಂಡ್ಲ್ಯಾ, ಗಾಡಿ ಬಾಜೂಕ ತಗೀ!" ಮಾಸ್ತರ ಅಲ್ಲಿಂದಲೇ ಕೂಗಿದ.

"ಸರ, ನೀವ್ ಬಾಜೂಕ ಇಲ್ಲದ ತಗಿಯಂಗಿಲ್ಲರಿ. ರೂಲ್ಸ್ ಐತ್ರಿ."

"ನನಗ ರೂಲ್ಸ್ ಹೇಳ್ತಿಯೇನಲೇ? ತಗೀತಿಯೋ, ಬಂದು ವದೀಲ್ಯೋ?"

ಹುಡುಗ ಕ್ಲಚ್ ಬಿಟ್ಟ. ಕಾರು ಸರಿಯಿತು. ಅಷ್ಟರಲ್ಲಿ ಗುದ್ದಾಡುತ್ತಿದ್ದ ಇಬ್ಬರೂ ತಿರುಗಿ ಬಂಪರಿನ ಮುಂದೆಯೇ ಬಂದರು. ಪುಂಡಲೀಕನ ಕಾಲು ಆಕ್ಸಿಲರೇಟರಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಬ್ರೇಕು ತಾನಾಗಿಯೇ ಬೀಳಲೆಂದು ಕಾಯುತ್ತಿತ್ತು. ಆ ಕಾಲಿಗೆ ಕಲಿಸಿದ್ದೇ ಅದು. ನಾನಿದ್ದೆ, ನನ್ನ ಮೇಲೆ ಕಾಲಿರಲಿಲ್ಲ.

ಟಂಟಂನವನು ಪಕ್ಕಕ್ಕೆ ಹಾರಿದ. ಮಾಸ್ತರನ ಬಲಗಾಲು ಬಂಪರಿಗೂ ಟಂಟಂಗೂ ನಡುವೆ ಸಿಕ್ಕಿತು. ಹಸಿ ಕಬ್ಬು ಮುರಿದಂತೆ ಸದ್ದಾಯಿತು.

ಜನ ಹುಡುಗನನ್ನು ಕೂದಲು ಹಿಡಿದು ಎಳೆದರು. ಯಾರೋ ಹೆಲ್ಮೆಟ್ಟಿನಿಂದ ಮುಖಕ್ಕೆ ಬಡಿದರು. ಅವನ ಒಂದು ಹಲ್ಲು ಕಾರಿನೊಳಗೆ ಬಿದ್ದು ನನ್ನ ಪಕ್ಕಕ್ಕೆ ಉರುಳಿತು.

ಕಾರನ್ನು ಪೊಲೀಸ್ ಸ್ಟೇಷನ್ನಿನ ಹಿಂದೆ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದರು. ಮಾಸ್ತರನ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರಂತೆ. 'ನಾ ತಗೀ ಅಂದಿಲ್ಲ, ಅವಾ ತಾನಾಗೇ ತಗದಾನ' ಎಂದು ಮಾಸ್ತರ ಹೇಳಿಕೆ ಕೊಟ್ಟನಂತೆ. ಇದನ್ನು ಬಾಗಿಲಿಗೆ ಒರಗಿ ಬೀಡಿ ಸೇದುತ್ತಿದ್ದ ಪೇದೆ ಹೇಳುತ್ತಿದ್ದ.

ಗಾಡಿ ಪರೀಕ್ಷೆಗೆ ಬಂದ ಸಾಹೇಬರು ಎರಡೂ ಕಡೆ ಕೂತು ತುಳಿದು ನೋಡಿದರು. "ಎರಡೂ ಬ್ರೇಕು ಸರಿ ಅದಾವ. ತಪ್ಪು ಹುಡುಗಂದು."

ಹೊರಗೆ ನಿಂತಿದ್ದ ಪುಂಡಲೀಕನ ಅಪ್ಪ ಕೈ ಮುಗಿದ. "ಸಾಹೇಬ್ರ, ನನ್ನ ಮಗಗ ಬ್ರೇಕ್ ಮುಟ್ಟಾಕನ ಬಿಟ್ಟಿಲ್ಲರಿ ಆ ಮಾಸ್ತರ."

"ಅದನ್ನ ಕೋರ್ಟಿನ್ಯಾಗ ಹೇಳಪಾ."

ಎಲ್‌ಎಲ್‌ಆರ್ ರದ್ದಾಯಿತು. ಹುಡುಗ ಈಗ ಕ್ವಾರಿಯಲ್ಲಿ ಕಲ್ಲು ಹೊರುತ್ತಾನೆ. ಕೇಸು ಮುಗಿಯುವ ತನಕ ನಾನು ಇಲ್ಲಿಯೇ. ಟಯರುಗಳು ನೆಲಕ್ಕೆ ಕೂತಿವೆ, ನನಗೆ ತುಕ್ಕು ಹತ್ತಿದೆ. ನಾನು ಸರಿಯಾಗಿದ್ದೆ ಎಂಬುದೇ ಅವನ ವಿರುದ್ಧದ ಸಾಕ್ಷಿ. ಅವನು ಕಲಿಯುತ್ತಿದ್ದಾಗ, ಖಾಲಿ ರಸ್ತೆಯಲ್ಲಿ, ಒಂದೇ ಒಂದು ಸಲ ನಾನು ಕೆಟ್ಟಿದ್ದರೆ, ಆ ಕಾಲು ತನ್ನ ಬ್ರೇಕನ್ನು ತಾನೇ ಹುಡುಕಿಕೊಳ್ಳುತ್ತಿತ್ತು.