ಸೂಜಿ ಇದ್ದ ಎದೆ

ನಮಗೆ ಪಾಠ ಹೇಳುವ ಮೇಷ್ಟ್ರಿಗೆ ಮುಖವಿಲ್ಲ. ಅವರು ಕಂಪ್ಯೂಟರಿನೊಳಗಿನ ಯಂತ್ರಬುದ್ಧಿ. ಪರದೆಯ ಅಂಚಿನಲ್ಲಿ ನೀಲಿ ಅಕ್ಷರಗಳಾಗಿ ಮಾತಾಡುತ್ತಾರೆ, ಅಷ್ಟೆ. ಮೇಷ್ಟ್ರು ಅಂತ ಹೆಸರಿಟ್ಟವನು ನನ್ನ ಎಡಗಡೆ ಕೂರುವ ಕಂಡಕ್ಟರ್. ಬಸ್ಸು ಬಿಟ್ಟು ವರ್ಷಗಳಾದರೂ ಅವನು ಕಂಡಕ್ಟರೇ, ಹೊಲಿಗೆ ಬಿಟ್ಟರೂ ನಾನು ಟೈಲರಮ್ಮನೇ. ನಮ್ಮ ಕೋಣೆಯಲ್ಲಿ ವೈದ್ಯಕೀಯ ಓದಿದವರು ಒಬ್ಬರೂ ಇಲ್ಲ. ಎದೆಯ ಎಕ್ಸ್‌ರೇ ನೋಡಿ, ಗಡ್ಡೆ ಕಂಡರೆ ಸುತ್ತ ಗೆರೆ ಎಳೆಯಬೇಕು, ಕಾಣದಿದ್ದರೆ ‘ಏನೂ ಇಲ್ಲ’ ಒತ್ತಬೇಕು. ನಮ್ಮ ಗೆರೆ ನೋಡಿ ಇನ್ನೊಂದು ಯಂತ್ರ ಕಲಿಯುತ್ತದಂತೆ, ಆಮೇಲೆ ಅದು ಆಸ್ಪತ್ರೆಗಳಲ್ಲಿ ಜೀವಂತ ಮನುಷ್ಯರ ಎದೆ ನೋಡುತ್ತದಂತೆ. ಯಾರು ಗುರು, ಯಾರು ಶಿಷ್ಯ, ದೇವರೇ ಬಲ್ಲ.

ರಾಶಿಯ ನಡುವೆ ಪಾಠದ ಚಿತ್ರಗಳನ್ನೂ ಸೇರಿಸಿರುತ್ತಾರೆ. ಅವುಗಳ ಉತ್ತರ ಮೇಷ್ಟ್ರಿಗೆ ಮೊದಲೇ ಗೊತ್ತು. ನಾವು ತಪ್ಪಿದರೆ ಅವರು ಬೈಯುವುದಿಲ್ಲ. ಸುಳಿವು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೆ ಅದೇ ಚಿತ್ರವನ್ನು ಮತ್ತೆ ತಂದಿಡುತ್ತಾರೆ. ಸರಿ ಮಾಡುವವರೆಗೂ ಬೆನ್ನು ಬಿಡುವುದಿಲ್ಲ. ಸರಿ ಮಾಡಿದಿರೋ, ಆ ಚಿತ್ರ ಮತ್ತೆಂದೂ ನಿಮ್ಮ ಮುಂದೆ ಬರುವುದಿಲ್ಲ.

ಅವತ್ತು ಊಟದ ಹೊತ್ತಾಗಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದು ಎದೆ ಬಂತು. ಹಾಗೇ ಕಣ್ಣು ಹಾಯಿಸಿ ‘ಏನೂ ಇಲ್ಲ’ ಒತ್ತಿದೆ.

‘ಇದರಲ್ಲಿ ಗಡ್ಡೆ ಇದೆ. ಹೃದಯದ ನೆರಳಿನ ಹಿಂದೆ ನೋಡಿ’ ಎಂದರು ಮೇಷ್ಟ್ರು.

ಬಗ್ಗಿ ನೋಡಿದೆ. ಕಣ್ಣಿಗೆ ಬಿದ್ದದ್ದು ಗಡ್ಡೆಯಲ್ಲ. ಭುಜದ ಮಾಂಸದಲ್ಲಿ ಒಂದು ಬಿಳಿ ಚೂರು, ಮುರಿದ ಸೂಜಿಯ ತುದಿ. ಅದರ ಪಕ್ಕದಲ್ಲೇ, ಕುತ್ತಿಗೆಯ ಕೆಳಗಿನ ಅಡ್ಡ ಮೂಳೆ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ಸೂಜಿ ನನ್ನದು. ಗಿರಾಕಿಯ ಕೋಟೊಂದನ್ನು ನಮ್ಮ ಯಜಮಾನರಿಗೆ ತೊಡಿಸಿ ಅಳತೆ ನೋಡುತ್ತಿದ್ದೆ. ಇವರು ಎಲ್ಲಿ ಸುಮ್ಮನೆ ನಿಲ್ಲುತ್ತಾರೆ? ಏನೋ ತಮಾಷೆ ಮಾಡಿ ಗೋಡೆಗೆ ಒರಗಿದರು, ಹೆಗಲಿಗೆ ಸಿಕ್ಕಿಸಿದ್ದ ಸೂಜಿ ಮಾಂಸದೊಳಗೇ ಮುರಿಯಿತು. ತೆಗೆಯುವುದು ಬೇಡ, ಇರಲಿ ಬಿಡಿ ಅಂದರು ಡಾಕ್ಟರು. ‘ಎಲ್ಲರ ಹೆಂಡ್ತೀರೂ ಮಾತಲ್ಲಿ ಚುಚ್ತಾರೆ, ನನ್ನವಳು ಸೂಜೀಲೇ ಚುಚ್ಚಿದ್ಳು’ ಎಂದು ಇವರು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು. ಮೂಳೆ ಮುರಿದದ್ದು ಏಣಿಯಿಂದ ಬಿದ್ದು, ಮದುವೆಗೆ ಮುಂಚೆ. ಈ ಎರಡೂ ಇರುವ ಎದೆ ಇನ್ನೊಂದಿರಲಾರದು.

ಕೆಮ್ಮು ಬಿಡದೆ ಹೋದಾಗ ತೆಗೆಸಿದ ಎಕ್ಸ್‌ರೇ ಅದು. ಇನ್ನೊಬ್ಬ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಏನೂ ಇಲ್ಲ ಕಣಮ್ಮ, ಹೋಗು’ ಅಂದಿದ್ದರು. ನಾವು ನಗುತ್ತಾ ಮನೆಗೆ ಬಂದಿದ್ದೆವು. ಮುಂದಿನ ವರ್ಷ ಇವರು ಇರಲಿಲ್ಲ. ಆಸ್ಪತ್ರೆಯವರು ಹಳೆಯ ಚಿತ್ರಗಳ ಹೆಸರು ಅಳಿಸಿ ಪಾಠಕ್ಕೆ ಕೊಟ್ಟಿದ್ದರು. ಸೂಜಿಯನ್ನೂ ಅಳಿಸಬೇಕೆಂದು ಯಾರಿಗೆ ಹೊಳೆಯಬೇಕು?

ಆ ಡಾಕ್ಟರ ಮೇಲೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಶಪಿಸಿದೆ. ಆಮೇಲೆ ನೆನಪಾಯಿತು, ಈಗಷ್ಟೇ ನಾನು ಒತ್ತಿದ್ದೂ ಅದನ್ನೇ.

ಊಟವಾದ ಮೇಲೆ ಇವರು ಮತ್ತೆ ಬಂದರು. ಈ ಸಲ ಗಡ್ಡೆ ನನಗೂ ಕಂಡಿತು, ಹೃದಯದ ಹಿಂದೆ ಅಡಗಿ ಕೂತಿತ್ತು. ಗೆರೆ ಎಳೆಯಲು ಕೈ ಹೋಯಿತು. ಎಳೆದರೆ ಸರಿಯಾಗುತ್ತದೆ, ಸರಿಯಾದರೆ ಇವರು ಇನ್ನು ಬರುವುದಿಲ್ಲ. ‘ಏನೂ ಇಲ್ಲ’ ಒತ್ತಿದೆ.

ಬೇಕೆಂದೇ ತಪ್ಪುತ್ತಾ ಹೋದೆ. ಇವರು ಬೆಳಗ್ಗೆಯೂ ಬಂದರು, ಮಧ್ಯಾಹ್ನವೂ ಬಂದರು. ನಾನು ತಲೆ ನೀಟಾಗಿ ಬಾಚಿಕೊಂಡು ಕೆಲಸಕ್ಕೆ ಬರತೊಡಗಿದೆ. ‘ಬಂದ್ರಾ?’ ಎಂದು ಮೆಲ್ಲಗೆ ಕೇಳುತ್ತಿದ್ದೆ.

‘ಯಾರ್ ಜೊತೆ ಮಾತು ಟೈಲರಮ್ಮ? ಮೇಷ್ಟ್ರ ಮೇಲೆ ಮನಸಾಯ್ತಾ?’ ಅಂದ ಕಂಡಕ್ಟರ್.

‘ಬಾಯ್ಮುಚ್ಕೊಂಡು ನಿನ್ ಟಿಕೆಟ್ ಹರಿ’ ಅಂದೆ.

ಆದರೆ ಮೇಷ್ಟ್ರು ಕೈಚೆಲ್ಲಿ ಕೂರುವವರಲ್ಲ. ತಪ್ಪಿದಷ್ಟೂ ಸುಳಿವು ಹೆಚ್ಚುತ್ತದೆ. ಮೊದಲು ಬರೀ ಮಾತಿತ್ತು, ಆಮೇಲೆ ಬಾಣದ ಗುರುತು ಬಂತು, ಆಮೇಲೆ ಗಡ್ಡೆಗೆ ಹಳದಿ ಬಣ್ಣ. ಹಳದಿ ಕೆಂಪಾಯಿತು, ಕೆಂಪು ಮಿನುಗತೊಡಗಿತು. ಪ್ರತಿ ಸಲವೂ ಇವರ ಕಾಯಿಲೆ ಇನ್ನಷ್ಟು ಬಲಿತು ಬಂದಂತೆ ಕಾಣುತ್ತಿತ್ತು. ಒಮ್ಮೆ ಮನೆಯಲ್ಲಿ ನೋಡಿದ್ದನ್ನೇ ಇಲ್ಲೂ ಕೂತು ನೋಡಬೇಕಾಯಿತು. ಕೊನೆಗೊಂದು ದಿನ ಮಿಕ್ಕ ಎದೆಯೆಲ್ಲ ಮಸುಕಾಗಿ ಗಡ್ಡೆಯೊಂದೇ ಉಳಿದಿತ್ತು. ಸೂಜಿಯೂ ಕಾಣಲಿಲ್ಲ.

‘ಇಲ್ಲಿ ಒತ್ತಿ’ ಎಂದರು ಮೇಷ್ಟ್ರು.

‘ಸಾಕು ಬಿಡ್ರೀ. ಇನ್ನು ಹೋಗಿ’ ಅಂದೆ ಇವರಿಗೆ. ಒತ್ತಿದೆ.

‘ಸರಿ. ಚೆನ್ನಾಗಿ ಗುರುತಿಸಿದಿರಿ.’

ಮುಂದೆ ಯಾರದೋ ಎದೆ ಬಂತು. ನಾನು ಎದ್ದು ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಆಮೇಲೆ ದಿನಾ ಹುಡುಕಿದೆ, ಪ್ರತಿ ಭುಜವನ್ನೂ ನೋಡಿದೆ. ಇವರು ಬರಲಿಲ್ಲ. ಒಬ್ಬರನ್ನೇ ಎರಡು ಸಲ ಕಳುಹಿಸಿಕೊಡುವ ಹಣೆಬರಹ ಯಾರಿಗೂ ಬೇಡ.

ಈಚೆಗೆ ನನ್ನ ಬಲಗಡೆಗೆ ಹೊಸಬಳೊಬ್ಬಳು ಬಂದಿದ್ದಾಳೆ, ಮುಂಚೆ ಬೇಕರಿಯಲ್ಲಿದ್ದವಳು. ಶ್ರದ್ಧೆಯವಳು, ಬೇಗ ಕಲಿಯುತ್ತಾಳೆ. ಹೊಸಬರಿಗೆಲ್ಲ ಅವೇ ಪಾಠದ ಚಿತ್ರಗಳು. ನಿನ್ನೆ ಅವಳ ಪರದೆಯ ಕಡೆ ಸುಮ್ಮನೆ ತಿರುಗಿದರೆ, ಭುಜದಲ್ಲಿ ಬಿಳಿ ಚೂರು.

ಅವಳ ಮೌಸಿನ ಬಾಣ ಹೃದಯದ ನೆರಳಿನ ಹತ್ತಿರ ಹೋಯಿತು, ಅಲ್ಲೇ ಸುತ್ತಾಡಿತು. ಇನ್ನೇನು ಗೆರೆ ಎಳೆದುಬಿಡುತ್ತಾಳೆ. ಎಳೆದರೆ ಇವರು ಅಲ್ಲಿಂದಲೂ ಹೋದಂತೆ.

‘ಅಕ್ಕಾ, ಇದ್ರ ಹಿಂದೆ ಏನೋ ಇದೆ ಅನ್ಸತ್ತೆ. ಸ್ವಲ್ಪ ನೋಡ್ತೀರಾ?’ ಅಂದಳು.

ಕುರ್ಚಿ ಎಳೆದುಕೊಂಡು ಹತ್ತಿರ ಹೋದೆ. ಸೂಜಿ, ಸೊಟ್ಟ ಮೂಳೆ, ಎಲ್ಲ ಇದ್ದವು. ಕಣ್ತುಂಬ ನೋಡಿದೆ.

‘ಏನೂ ಇಲ್ಲ ಕಣಮ್ಮ’ ಅಂದೆ. ‘ಮುಂದಕ್ಕೆ ಹೋಗು.’